ಎರಡು ಸೊನ್ನೆಗಳ ನಡುವೆ

ಅಂಗೈಯಗಲದ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಗಣಕಫಲಕ 2013ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ಲಿನಕ್ಸನ್ನು ನಡೆಸುವ ಮುಖ್ಯ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ನೂರು ಕೋಟಿ ಸಲ ಮಿಡಿಯುತ್ತದೆ. ಅದೇ ಚಿಪ್ಪಿನೊಳಗೆ, ಅದರ ಐದನೆಯ ಒಂದು ಪಾಲು ವೇಗದ, ಪಿಆರ್‌ಯು ಎಂದು ಕರೆಯಲ್ಪಡುವ ಎರಡು ಸಹಪ್ರೊಸೆಸರುಗಳೂ ಉಂಟು. ಹತ್ತಾರು ಕೆಲಸಗಳಿಗೆ ಸರದಿ ಹಂಚಬೇಕಾದ ಲಿನಕ್ಸು ಮೋಟಾರಿಗೆ ಕಳುಹಬೇಕಾದ ಸಂಕೇತವನ್ನು ಒಮ್ಮೊಮ್ಮೆ ತಡಮಾಡೀತು. ಪಿಆರ್‌ಯುಗಳಾದರೋ ತಮ್ಮ ಬಹುಪಾಲು ಆದೇಶಗಳನ್ನು ತಲಾ 5 ನ್ಯಾನೊಸೆಕೆಂಡಿನಲ್ಲಿ ಚಾಚೂ ತಪ್ಪದೆ ಮುಗಿಸುತ್ತವೆ.

ಇಷ್ಟು ಕಾಲನಿಷ್ಠವಾದ ಇವು ತಾವಾಗಿ ಕೆಲಸಕ್ಕೆ ತೊಡಗಲಾರವು. ಅವುಗಳ ಪ್ರೋಗ್ರಾಮನ್ನು ಫೈಲಿನಿಂದ ತೆಗೆದು ಅವುಗಳ ಮೆಮೊರಿಯಲ್ಲಿ ಇರಿಸಿ, ಓಡಿಸಿ, ಬೇಕಾದಾಗ ನಿಲ್ಲಿಸುವ ಹೊಣೆ ಲಿನಕ್ಸಿನ ತಿರುಳಾದ ಕರ್ನಲ್ಲಿನ ಡ್ರೈವರಿನದು. ಇಂಥ ಡ್ರೈವರುಗಳಿಗೆಲ್ಲ ಸಾಧಾರಣವಾದ ಭಾಗವನ್ನು, 2012ರಲ್ಲಿ ಲಿನಕ್ಸ್ 3.4ರೊಡನೆ ಬಂದ ರಿಮೋಟ್‌ಪ್ರಾಕ್ ಎಂಬ ಚೌಕಟ್ಟೇ ನಿರ್ವಹಿಸುವುದರಿಂದ, ಹೊಸ ಡ್ರೈವರನ್ನು ಪರಿಶೀಲಿಸುವವನು ಮುಖ್ಯವಾಗಿ ನೋಡಬೇಕಾದುದು ಆಯಾ ಯಂತ್ರದ ವಿಲಕ್ಷಣತೆಗಳನ್ನು.

ಪಿಆರ್‌ಯುವಿನಲ್ಲಿ ಅವುಗಳಿಗೆ ಬರವಿಲ್ಲ. ಆದೇಶಗಳಿಗೊಂದು, ದತ್ತಾಂಶಕ್ಕೊಂದು ಎಂದು ಇದಕ್ಕೆ ಎರಡು ಪ್ರತ್ಯೇಕ ಮೆಮೊರಿಗಳಿದ್ದು, ಎರಡರ ವಿಳಾಸವೂ ಸೊನ್ನೆಯಿಂದಲೇ ಆರಂಭವಾಗುತ್ತದೆ. ‘ಈ ತುಣುಕನ್ನು ಸೊನ್ನೆಯಲ್ಲಿರಿಸು’ ಎಂದು ಫೈಲು ಹೇಳಿದರೆ, ಅದು ಯಾವ ಸೊನ್ನೆ? ವಿಳಾಸವೊಂದರಿಂದಲೇ ಉತ್ತರ ದೊರೆಯದು. ತುಣುಕು ಕಾರ್ಯಗತವಾಗತಕ್ಕದ್ದೆಂಬ ಗುರುತು ಫೈಲಿನಲ್ಲಿದೆಯೇ ಎಂದು ಡ್ರೈವರು ನೋಡಿ ನಿರ್ಧರಿಸಬೇಕು. ನಿರ್ಧರಿಸಿದ ಮೇಲೂ, ತುಣುಕಿನ ಆರಂಭ ಮಾತ್ರವಲ್ಲದೆ ಅಂತ್ಯವೂ ಆ ಮೆಮೊರಿಯ 8 ಕಿಲೋಬೈಟಿನ ಎಲ್ಲೆಯೊಳಗಿದೆಯೆಂದು ಖಚಿತಪಡಿಸಿಕೊಳ್ಳದಿದ್ದರೆ, ಕೆಟ್ಟ ಫೈಲೊಂದರ ಮಾತು ಕೇಳಿ ಕರ್ನಲ್ಲೇ ತನಗೆ ಸೇರದ ಸ್ಥಳದಲ್ಲಿ ಬರೆದೀತು.

ಮುಂದಿನ ಪೀಳಿಗೆಯ ಚಿಪ್ಪುಗಳಲ್ಲಿ ಇನ್ನೂ ಗೂಢವಾದ ದೋಷವೊಂದು ಸೇರಿಕೊಂಡಿತು. ಆದೇಶದ ಮೆಮೊರಿಗೆ ನಾಲ್ಕು ಬೈಟಿಗಿಂತ ಕಡಮೆ ಬರೆದರೆ, ಆ ನಾಲ್ಕರ ಗುಂಪಿನಲ್ಲಿ ಮೊದಲೇ ಇದ್ದ ಉಳಿದ ಬೈಟುಗಳು ಸೊನ್ನೆಯಾಗುತ್ತವೆ! ಸಾಮಾನ್ಯ ನಕಲುಕಾರ್ಯವನ್ನು ಕರೆದ ಸಾಲು ಓದುವುದಕ್ಕೆ ನಿರ್ದುಷ್ಟವಾಗಿಯೇ ತೋರುತ್ತದೆ; ಹಾರ್ಡ್‌ವೇರಿನ ನಡತೆಯನ್ನು ಅರಿಯದೆ ಕೇವಲ ಸಿ ಭಾಷೆಯನ್ನು ಬಲ್ಲವನು ಅದನ್ನು ಮೆಚ್ಚಿ ಮುಂದೆ ಸಾಗಿಯಾನು. ಆದುದರಿಂದಲೇ ಆ ಡ್ರೈವರಿನಲ್ಲಿ ನಾಲ್ಕು ನಾಲ್ಕು ಬೈಟುಗಳನ್ನಷ್ಟೇ ಬರೆಯುವ, ಆ ಅಳತೆಗೆ ಒಗ್ಗದುದನ್ನು ನಿರಾಕರಿಸುವ ಸ್ವಂತ ನಕಲುಕಾರ್ಯವಿದೆ. ಅದನ್ನು ಅನಾವಶ್ಯಕವೆಂದು ಕಿತ್ತುಹಾಕಹೊರಡುವ ಉತ್ಸಾಹಿಗಳಿಗಾಗಿ ಮೇಲೊಂದು ವಿವರಣೆಯೂ ಇರುವುದು ವಿವೇಕ.

ಡ್ರೈವರಿನ ಆರಂಭ ಅರ್ಧದಲ್ಲಿ ವಿಫಲವಾದಾಗ ಅದುವರೆಗೆ ಪಡೆದುದೆಲ್ಲವನ್ನೂ ವಿಲೋಮಕ್ರಮದಲ್ಲಿ ಹಿಂದಿರುಗಿಸಿದೆಯೇ ಎಂಬುದು ಎಲ್ಲ ಡ್ರೈವರುಗಳಿಗೂ ಕೇಳುವ ಪ್ರಶ್ನೆ. ಇಲ್ಲಿಯೂ ಅದನ್ನು ಬಿಡುವಂತಿಲ್ಲ.

ಇವೆಲ್ಲವೂ ಮುಗಿದ ಬಳಿಕ ಪರಿಶೀಲಕನು ತನ್ನ ಹೆಸರಿನೊಡನೆ ‘ರಿವ್ಯೂಡ್-ಬೈ’ ಎಂಬ ಸಾಲನ್ನು ಸೇರಿಸುತ್ತಾನೆ. ಕರ್ನಲ್ಲಿನ ನಿಯಮದಂತೆ ಅದು ಡ್ರೈವರು ಸರಿಯಾಗಿ ನಡೆದೀತೆಂಬ ಖಾತರಿಯಲ್ಲ. ಬದಲಾವಣೆ ಸಾರ್ಥಕವಾದುದು, ಸೇರಿಸಬಾರದೆನ್ನುವಂಥ ದೋಷ ತನಗೆ ತಿಳಿದಮಟ್ಟಿಗೆ ಇಲ್ಲ ಎಂಬ ಹೇಳಿಕೆ ಮಾತ್ರ.