ತೊಟ್ಟಿಲಿಗೂ ಬೇಕೇ ಸರ್ಟಿಫಿಕೇಟು?

ಕಲಘಟಗಿ ಅಂದಕೂಡಲೇ ನೆನಪಾಗುವುದು ಬಣ್ಣದ ತೊಟ್ಟಿಲು. ಸಾಗವಾನಿ ಕಟ್ಟಿಗೆ, ಅದರ ಮೇಲೆ ಕೃಷ್ಣನ ಬಾಲಲೀಲೆ, ರಾಮಾಯಣದ ಪ್ರಸಂಗಗಳು, ಅರಗಿನ ಹೊಳಪು. ನಟ ಅಂಬರೀಶ್ ಅವರು ಯಶ್–ರಾಧಿಕಾ ಪಂಡಿತ್ ದಂಪತಿಯ ಮಗುವಿಗೆಂದು ಇಲ್ಲಿ ತೊಟ್ಟಿಲು ಮಾಡಿಸಲು ಹೇಳಿದ್ದು, ಅವರು ತೀರಿಕೊಂಡ ಮೇಲೆ ಅದು ಮಗುವಿನ ಮನೆ ಸೇರಿದ್ದು ಎಲ್ಲರಿಗೂ ಗೊತ್ತು. ಅಂಥ ಗಿರಾಕಿಗೆ ಊರಿನ ಹೆಸರೇ ಸಾಕು. ದೊಡ್ಡ ಶಹರದ ಅಂಗಡಿಯವರೋ ಹೊರದೇಶದ ಕೊಳ್ಳುಗರೋ ಆದರೆ ಬೇರೆಯದೇ ಕೇಳುತ್ತಾರೆ. ಬಣ್ಣದಲ್ಲಿ ಸೀಸ ಇದೆಯೇ? ಕಟ್ಟಿಗೆ ಎಲ್ಲಿಯದು? ಕೆಲಸದವರ ಪಗಾರ ಎಷ್ಟು? ಉತ್ತರ ಕೆಲಸಗಾರನ ಬಾಯಲ್ಲಿದೆ, ಕಾಗದದ ಮೇಲಿಲ್ಲ. ಸಾಮಾಜಿಕ ಮತ್ತು ಪರಿಸರ ಹೊಣೆಗಾರಿಕೆಯ ಪ್ರಮಾಣಪತ್ರದ ಪ್ರಶ್ನೆ ಏಳುವುದೇ ಇಲ್ಲಿ. ಅದರ ಸುತ್ತ ಕೇಳಿಬರುವ ಕೆಲವು ಮಾತುಗಳನ್ನು ಒಂದೊಂದಾಗಿ ನೋಡೋಣ.

"ಅದೆಲ್ಲಾ ದೊಡ್ಡ ಕಂಪನಿಯೋರಿಗೆ ರೀ, ನಮಗ್ಯಾಕ?"

ಅರ್ಧ ನಿಜ. ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆನ್ನುವ 2013ರ ಕಂಪನಿ ಕಾಯ್ದೆಯ ನಿಯಮ 5 ಕೋಟಿ ನಿವ್ವಳ ಲಾಭ, 1,000 ಕೋಟಿ ವಹಿವಾಟು ಅಥವಾ 500 ಕೋಟಿ ನಿವ್ವಳ ಮೌಲ್ಯ ಇದ್ದವರಿಗೆ. ತೊಟ್ಟಿಲಿನ ಮನೆಗೆ ಅದು ತಾಗುವುದಿಲ್ಲ. ಆದರೆ 2022–23ರಿಂದ ಷೇರುಪೇಟೆಯ ಮೊದಲ 1,000 ಕಂಪನಿಗಳು ಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಪರಿಸರ, ಕಾರ್ಮಿಕರ ಸ್ಥಿತಿಗತಿ ಕುರಿತು ವರದಿ ಕೊಡಲೇಬೇಕು. ಅವರಿಗೆ ಬಂದ ಪ್ರಶ್ನೆಯನ್ನು ಅವರು ಮಾಲು ಕೊಡುವವರಿಗೆ ದಾಟಿಸುತ್ತಾರೆ. ಕಾನೂನು ನಮ್ಮ ಬಾಗಿಲಿಗೆ ಬಾರದಿದ್ದರೂ ಗಿರಾಕಿಯ ಕೈಯಲ್ಲಿ ಅದರ ಫಾರ್ಮು ಬಂದೇ ಬರುತ್ತದೆ.

"ಅಷ್ಟು ರೊಕ್ಕ ಎಲ್ಲಿಂದ ತರೂದು?"

ಯಾವ ಪತ್ರ ಎಂಬುದರ ಮೇಲೆ ನಿಂತಿದೆ. ಬಿ ಕಾರ್ಪ್, ಎಸ್ಎ 8000 ಮುಂತಾದ ಜಾಗತಿಕ ಪ್ರಮಾಣಪತ್ರಗಳ ಹಿಂದೆ ನಾಲ್ಕು ಜನ ದುಡಿಯುವ ಮನೆ ಬೀಳುವುದು ದಂಡ; ಕೇಳುವ ಗಿರಾಕಿಯೇ ಇಲ್ಲದಿದ್ದರೆ ಮತ್ತೂ ದಂಡ. ಕೇಂದ್ರದ ಎಂಎಸ್ಎಂಇ ಸಚಿವಾಲಯ 2022ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ತಂದ 'ಜೆಡ್' ಯೋಜನೆಯ ಲೆಕ್ಕ ಬೇರೆ. ದೋಷವೂ ಬೇಡ, ಪರಿಸರಕ್ಕೆ ಹಾನಿಯೂ ಬೇಡ ಎನ್ನುವುದು ಅದರ ಹುರುಳು. ಕಂಚಿಗೆ 10,000, ಬೆಳ್ಳಿಗೆ 40,000, ಚಿನ್ನಕ್ಕೆ 90,000 ರೂಪಾಯಿ ಎಂದು ಶುಲ್ಕ ಗೊತ್ತುಮಾಡಿ, ಅತಿಸಣ್ಣ ಘಟಕಗಳಿಗೆ ಶೇ 80 ಸಹಾಯಧನ ಇಟ್ಟರು. ಅಂದರೆ ಕಂಚಿಗೆ ಕೈಯಿಂದ ಹೋಗುವುದು 2,000 ರೂಪಾಯಿ. ಮಹಿಳೆಯರ ಘಟಕಗಳಿಗೆ ಮುಂದೆ ಪೂರ್ತಿ ಮಾಫಿ ಆಯಿತು. ಉದ್ಯಮ್ ನೋಂದಣಿ ಬೇಕು, ಅದು ಪುಕ್ಕಟೆ. ಕಂಚಿನ ಹಂತದಲ್ಲಿ ನೋಡುವುದು ಐದೇ ವಿಷಯ: ಮುಂದಾಳತ್ವ, ಜಾಗದ ಸ್ವಚ್ಛತೆ, ಕೆಲಸಗಾರರ ಸುರಕ್ಷತೆ, ಹೇಳಿದ ಹೊತ್ತಿಗೆ ಮಾಲು ಕೊಡುವುದು, ಗುಣಮಟ್ಟ. ಸಾಮಾಜಿಕ ಹೊಣೆಗಾರಿಕೆ, ನೈಸರ್ಗಿಕ ಸಂಪನ್ಮೂಲಗಳ ರಕ್ಷಣೆ ಬರುವುದು ಚಿನ್ನದ ಹಂತದಲ್ಲಿ. ಈಗಿನ ದರ, ರಿಯಾಯಿತಿಗಳನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ಕೇಳಿಯೇ ಅರ್ಜಿ ಹಾಕುವುದು ಒಳ್ಳೆಯದು.

"ನಮ್ಮ ಬಣ್ಣ ನೈಸರ್ಗಿಕ, ಬೋರ್ಡಿನ ಮ್ಯಾಲೆ ಬರದ್ರ ಮುಗೀತು"

ಇದೇ ಎಲ್ಲಕ್ಕಿಂತ ಅಪಾಯದ ಮಾತು. ಹಲ್ಲು ಮೂಡುವ ಹೊತ್ತಿನಲ್ಲಿ ಕೂಸು ತೊಟ್ಟಿಲಿನ ಅಂಚನ್ನು ಕಡಿಯುತ್ತದೆ. ಬಣ್ಣ ನೇರ ಹೊಟ್ಟೆಗೆ. ಸೀಸ ಕೂಸಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುವ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ದಾಟಬಾರದು ಎಂಬ ನಿಯಮ 2016ರಲ್ಲಿ ಆಯಿತು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಡಬ್ಬಿಯ ಮೇಲೆ ಅದನ್ನು ಅಚ್ಚು ಹಾಕಬೇಕು. ಯಂತ್ರ, ವಾಹನಗಳಿಗೆ ಹಚ್ಚುವ ಕೈಗಾರಿಕಾ ಬಣ್ಣ ಈ ನಿಯಮದೊಳಗೆ ಬರುವುದಿಲ್ಲ. ಹೀಗಾಗಿ ಅರಗು ತುಟ್ಟಿ ಎಂದು ಅಂಗಡಿಯಿಂದ ಎನಾಮಲ್ ತಂದವರು ಯಾವ ಡಬ್ಬಿ ತಂದರು ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ. ಅಜ್ಜನ ಕಾಲದ ಪದ್ಧತಿ ಎಂಬುದು ಇವತ್ತಿನ ಡಬ್ಬಿಗೆ ಸಾಕ್ಷಿ ಆಗಲಾರದು.

ಕಾಯ್ದೆಯೂ ಬಿಗಿಯಾಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ 'ಹಸಿರು', 'ನೈಸರ್ಗಿಕ' ಎಂದೆಲ್ಲ ಜಾಹೀರಾತು ಮಾಡುವವರ ಬಳಿ ಅದಕ್ಕೆ ಪುರಾವೆ ಇರಬೇಕು. ಅರಗು ಕೊಂಡ ಬಿಲ್ಲು, ಡಬ್ಬಿಯ ಲೇಬಲ್ಲು, ಪ್ರಯೋಗಾಲಯದ ಒಂದು ವರದಿ: ಇಷ್ಟು ಒಂದು ಫೈಲಿನಲ್ಲಿದ್ದರೆ ಬೋರ್ಡು ಬರೆಸುವ ಧೈರ್ಯವೂ ಬರುತ್ತದೆ. ಕಟ್ಟಿಗೆಗೂ ಹಾಗೆಯೇ, ಅರಣ್ಯ ಇಲಾಖೆಯ ಡಿಪೊ ಹರಾಜಿನ ರಸೀದಿ, ಸಾಗಣೆ ಪಾಸು ಎಸೆಯಬಾರದು. ಕರಕುಶಲ ರಫ್ತು ಮಂಡಳಿ ಹೊರದೇಶಕ್ಕೆ ಕಳಿಸುವ ಕಟ್ಟಿಗೆ ಸಾಮಾನಿಗೆ ಕೊಡುವ 'ವೃಕ್ಷ' ಪತ್ರವೂ ಕೇಳುವುದು ಮೂಲತಃ ಇದನ್ನೇ: ಮರ ಕಾನೂನಿನಂತೆ ಬಂದದ್ದೇ?

"ಜಿಐ ಸಿಕ್ರ ಎಲ್ಲಾ ಸಿಕ್ಕಂಗ"

ನವಲಗುಂದದ ಜಮಖಾನಕ್ಕೆ ಜಿಐ, ಅಂದರೆ ಭೌಗೋಳಿಕ ಸೂಚಿಕೆ, ಸಿಕ್ಕು ದಶಕ ದಾಟಿತು. ನೇಯುವ ಹೆಣ್ಣುಮಕ್ಕಳು ಉಳಿದಿರುವುದು ಬೆರಳೆಣಿಕೆಯಷ್ಟು. ಆ ಮುದ್ರೆ ಹೇಳುವುದು ಮಾಲು ಯಾವ ಊರಿನದು ಎಂದು. ನೇಯ್ದವಳ ಕೂಲಿಯ ಬಗ್ಗೆ ಅದು ಬಾಯಿ ಬಿಡುವುದಿಲ್ಲ.

"ಸಾಹೇಬ್ರು ಬಂದು ತಪ್ಪು ಹುಡುಕ್ತಾರ"

ಎಲ್ಲ ಪತ್ರಕ್ಕೂ ಸಾಹೇಬರೇ ಬರುವುದಿಲ್ಲ. ಬೇಸಾಯದ ಉದಾಹರಣೆ ನೋಡಿ: ಪಿಜಿಎಸ್ ಎಂಬ ಪದ್ಧತಿಯ ಸಾವಯವ ಪ್ರಮಾಣೀಕರಣದಲ್ಲಿ ಹೊಲ ನೋಡಲು ಬರುವವರು ಅದೇ ಗುಂಪಿನ ರೈತರು. ಐದಾರು ಜನ ಗುಂಪು ಕಟ್ಟಿ, ಒಬ್ಬರ ಹೊಲ ಇನ್ನೊಬ್ಬರು ಪರೀಕ್ಷಿಸಿ, ಸಹಿ ಹಾಕುತ್ತಾರೆ. ದೇಶದೊಳಗಿನ ಮಾರಾಟಕ್ಕೆ ಇದು ನಡೆಯುತ್ತದೆ. ರಫ್ತಿಗೆ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪತ್ರ, ಅಂದರೆ ಎನ್‌ಪಿಒಪಿಯೇ ಬೇಕು. ಪಕ್ಕದ ಹೊಲದ ಕಾಕಾನ ಕಣ್ಣು ತಪ್ಪಿಸಿ ಔಷಧ ಹೊಡೆಯುವುದು ಯಾವ ಸಾಹೇಬರ ಕಣ್ಣು ತಪ್ಪಿಸುವುದಕ್ಕಿಂತಲೂ ಕಷ್ಟ.

"ಪತ್ರ ಇದ್ರ ಮಾರ್ಕೆಟ್ ತಾನ ಬರತೈತಿ"

ಇಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಪರವಾನಗಿಯೊಂದಿಗೆ ರಾಷ್ಟ್ರಧ್ವಜ ಮಾಡುತ್ತದೆ. ಅಳತೆ, ಬಣ್ಣ, ನೂಲಿನ ಲೆಕ್ಕ ಎಲ್ಲವೂ ಪರೀಕ್ಷೆಯಾಗಬೇಕು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟರು. ಮರುವರ್ಷವೇ ಬೆಂಗೇರಿಯವರು ಪ್ರತಿಭಟನೆಗೆ ಕೂರಬೇಕಾಯಿತು. ಪರವಾನಗಿ ಅದೇ, ಕೆಲಸ ಅದೇ. ಅದನ್ನೇ ಬೇಕೆಂದು ಕೇಳುವವರು ಕಡಿಮೆಯಾದರು.

ಆದ್ದರಿಂದ ಅರ್ಜಿ ಬರೆಯುವ ಮೊದಲು ಗಿರಾಕಿಯನ್ನೇ ಕೇಳಬೇಕು: ನಿಮಗೆ ಯಾವ ಕಾಗದ ತೋರಿಸಿದರೆ ಆರ್ಡರು ಕೊಡುತ್ತೀರಿ? ಕೆಲವರು ಸೀಸದ ಪರೀಕ್ಷಾ ವರದಿಯೊಂದೇ ಸಾಕೆನ್ನಬಹುದು. ಹಾಗಾದರೆ ಅಷ್ಟೇ ಮಾಡಿಸಿ, ಉಳಿದ ರೊಕ್ಕದಲ್ಲಿ ಅರಗು ತರಬಹುದು.