ನೆಲದಡಿಯ ನಕಾಶೆ ಬೆಂಗಳೂರಿಗೆ, ತೆಂಗಿನಕಾಯಿ ದೊಡವಾಡಕ್ಕೆ!

ದೊಡವಾಡ: ಬೋರ್ ಕೊರೆಯುವ ಲಾರಿ ಊರ ಸೀಮೆಗೆ ಬಂತೆಂದರೆ ಸಾಕು, ಹೊಲದ ಬದುವಿನ ಮೇಲೆ ಜಾತ್ರೆ ಕೂಡುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟು ತೋರಿಸಿದವರು ಒಂದು ಕಡೆ, ಸಾಲದ ಲೆಕ್ಕ ಹಾಕುತ್ತ ನಿಂತ ಹೊಲದ ಮಾಲಕ ಇನ್ನೊಂದು ಕಡೆ. ಬಂದವರೆಲ್ಲ ಕೇಳುವುದು ಒಂದೇ ಮಾತು: ‘ಎಷ್ಟ ಫೂಟಿಗೆ ನೀರ ಬಿತ್ತು?’ ಬಿದ್ದರೆ ಪೇಡೆ, ಬೀಳದಿದ್ದರೆ ಹಣೆಬರಹ. ಮರುದಿನ ಲಾರಿ ಮುಂದಿನ ಊರಿಗೆ. ನೂರಾರು ಫೂಟು ಕೆಳಗಿನಿಂದ ಮೇಲೆ ಬಂದ ಕಲ್ಲಿನ ಹಿಟ್ಟು ಮಳೆಗೆ ತೊಳೆದು ಹೋಗುತ್ತದೆ. ಅದರ ಬಣ್ಣ ಯಾವುದಿತ್ತು, ಎಷ್ಟನೇ ಫೂಟಿಗೆ ಬದಲಾಯಿತು ಎಂದು ಕೇಳುವವರಿಲ್ಲ. ಬರೆದಿಡುವವರಂತೂ ಇಲ್ಲವೇ ಇಲ್ಲ.

ಅತ್ತ ರಾಜಧಾನಿಯ ಕತೆ ನೋಡಿರಿ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಟಿ. ಜಿ. ಸೀತಾರಾಮ್ ಹಾಗೂ ಪಿ. ಅನ್ಬಳಗನ್ ಅವರು 2000ದ ದಶಕದಲ್ಲಿ ಇಂಥ ಗುಂಡಿಗಳ ಲೆಕ್ಕವನ್ನೇ ಒಟ್ಟು ಹಾಕಿ, ಬೆಂಗಳೂರಿನ ಸುಮಾರು 220 ಚದರ ಕಿಲೋಮೀಟರ್ ನೆಲದಡಿಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ಭೂಕಂಪವಾದರೆ ಯಾವ ಓಣಿ ಎಷ್ಟು ನಡುಗೀತು ಎಂದು ತಿಳಿಯುವುದು ಅವರ ಉದ್ದೇಶ. ಕಟ್ಟಡ ಕಟ್ಟುವವರು ಪಾಯಕ್ಕೆಂದು ಮೊದಲೇ ಕೊರೆಸಿದ ನೂರಾರು ಗುಂಡಿಗಳ ಕಾಗದಗಳೇ ಅದಕ್ಕೆ ಬಂಡವಾಳ. ಜೊತೆಗೆ ಕಬ್ಬಿಣದ ತಟ್ಟೆಯ ಮೇಲೆ ಸುತ್ತಿಗೆಯಿಂದ ಬಡಿದು, ಆ ಪೆಟ್ಟಿನ ಅಲೆ ನೆಲದಲ್ಲಿ ಎಷ್ಟು ವೇಗದಿಂದ ಓಡುತ್ತದೆ ಎಂದೂ ಅಳೆದರು. ಮೆತ್ತಗಿನ ಮಣ್ಣಿನಲ್ಲಿ ಅಲೆ ನಿಧಾನ, ಗಟ್ಟಿ ಬಂಡೆಯಲ್ಲಿ ಚುರುಕು.

ಉದ್ದ ಅಗಲ ತೋರಿಸುವ ನಕಾಶೆ ತಲಾಟಿ ಕಡೆಯೂ ಉಂಟು. ಇದು ಆಳವನ್ನೂ ತೋರಿಸುವಂಥದು. ಕಲ್ಲಂಗಡಿಗೆ ಚಾಕು ಹಾಕಿ ಒಂದು ತುಂಡು ತೆಗೆದರೆ ಒಳಗಿನ ಬಣ್ಣ ಒಂದೇ ಜಾಗದಲ್ಲಿ ಗೊತ್ತಾದೀತು. ನೂರು ಕಡೆ ತೆಗೆದು ನೋಡಿದರೆ ಇಡೀ ಹಣ್ಣೇ ಕಣ್ಣಿಗೆ ಕಟ್ಟುತ್ತದೆ. ಲೆಕ್ಕಾಚಾರ ಇಷ್ಟೆ.

ಹಾಗಂತ ಬೆಂಗಳೂರಿನವರಿಗೆ ಎಲ್ಲಾ ತಿಳಿದುಬಿಟ್ಟೈತಿ ಅಂತಲ್ಲ. ಅಲ್ಲಿಯ ಬಂಡೆ ಲಾಲ್‌ಬಾಗಿನಲ್ಲಿ ತಲೆ ಎತ್ತಿ ನಿಂತದ್ದೇ. ಸುಮಾರು 300 ಕೋಟಿ ವರ್ಷದ್ದು. ಅದರ ಮೇಲಿನ ಪದರು ಎಲ್ಲೋ ಕೊಳೆತು ಮಣ್ಣಾಗಿದೆ, ಎಲ್ಲೋ ಗುಂಡುಗಲ್ಲಾಗಿಯೇ ಉಳಿದಿದೆ. ಮೆಟ್ರೋ ಸುರಂಗ ಕೊರೆಯುವ ಯಂತ್ರಕ್ಕೆ ಅರ್ಧ ಬಾಯಿಗೆ ಮಣ್ಣು, ಅರ್ಧ ಬಾಯಿಗೆ ಬಂಡೆ ಸಿಕ್ಕರೆ ಹಲ್ಲು ಮುರಿಯದೆ ಇರುತ್ತದೆಯೇ? ‘ಗೋದಾವರಿ’ ಎಂಬ ಯಂತ್ರ 2015ರಲ್ಲಿ ತಿಂಗಳುಗಟ್ಟಲೆ ನೆಲದೊಳಗೇ ಕೆಟ್ಟು ನಿಂತಿತ್ತು.

ಇನ್ನು ನಮ್ಮ ಸೀಮೆಗೆ ಬನ್ನಿ. ಎರಿ ಮಣ್ಣು ಮೇಲೆ ಹಾಸಿದೆ, ಕೆಳಗಿನದು ಕಾಣುವುದಿಲ್ಲ. ಬೈಲಹೊಂಗಲ ಭಾಗದಲ್ಲಿ ಧಾರವಾಡದ ಹೆಸರು ಹೊತ್ತ ಪದರುಗಲ್ಲು, ಅದರ ನೆರೆಗೆ ಗ್ರಾನೈಟಿನ ಜಾತಿಯ ನೈಸ್ ಕಲ್ಲು. ಮೂಡಲಿಗೆ ಸವದತ್ತಿ, ರಾಮದುರ್ಗದ ಗುಡ್ಡಗಳೆಲ್ಲ ಕಲಾದಗಿ ಕಲ್ಲು. ನವಿಲುತೀರ್ಥದಲ್ಲಿ ಮಲಪ್ರಭೆ ಸೀಳಿಕೊಂಡು ಹೋದದ್ದು ಅದನ್ನೇ. ಜಿಲ್ಲೆಯ ಬಡಗಣ, ಪಡುವಣಕ್ಕೆ ದಖ್ಖನ್ನಿನ ಕರಿಕಲ್ಲು. ಈ ಪ್ರಾಂತವನ್ನೆಲ್ಲ ತಿರುಗಿ ನೋಡಿದ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ‘ದಕ್ಷಿಣ ಮರಾಠಾ ದೇಶ’ದ ಭೂಗರ್ಭದ ಮೇಲೆ ದೊಡ್ಡ ವರದಿ ಬರೆದಿಟ್ಟ. ಆದರೆ ಆತ ಕಂಡದ್ದು ಹೆಚ್ಚಾಗಿ ಮೇಲಿನದು. ಇಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ನೀರು ಇರುವುದು ಬಿರುಕಿನಲ್ಲಿ. ಬಿರುಕು ತಪ್ಪಿತೋ, ಪಕ್ಕದ ಹೊಲದಲ್ಲಿ ಎರಡಿಂಚು ನೀರು, ಇಲ್ಲಿ ಬರೀ ಧೂಳು.

ಕೇಂದ್ರ ಅಂತರ್ಜಲ ಮಂಡಳಿ 2012ರಿಂದ ದೇಶದ ನೀರಿನ ಪದರುಗಳ ನಕಾಶೆ ಕೆಲಸ ಹಿಡಿಯಿತು. ಅದರ ಪ್ರಯೋಗಕ್ಕೆಂದು ಆರಿಸಿದ ಜಾಗಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರವೂ ಒಂದು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಹೆಲಿಕಾಪ್ಟರಿನ ಕೆಳಗೆ ದೊಡ್ಡ ಬಳೆಯಂಥ ತಂತಿ ತೂಗುಬಿಟ್ಟು, ಮೇಲಿನಿಂದಲೇ ನೆಲದ ಒಳಗನ್ನು ಅಳೆದರು. ಒಳ್ಳೆಯ ಕೆಲಸವೇ. ಆದರೆ ತಾಲೂಕಿನ ನಕಾಶೆ ತಾಲೂಕಿನ ಮಾತು ಹೇಳುತ್ತದೆ. ಇಂಥ ಸರ್ವೆ ನಂಬರಿನ ಇಂಥ ಮೂಲೆಯಲ್ಲಿ ಕೊರೆಸು ಎಂದು ಹೇಳುವುದಿಲ್ಲ. ಅಷ್ಟು ಹತ್ತಿರದಿಂದ ನೋಡಬೇಕಾದರೆ ಊರಿನ ಬೋರುಗಳ ಲೆಕ್ಕವೇ ಬೇಕು.

ಇಂಗ್ಲೆಂಡಿನಲ್ಲಿ 1991ರ ಕಾಯ್ದೆಯ ಪ್ರಕಾರ ನೀರಿಗಾಗಿ 50 ಫೂಟು ಮೀರಿ ಕೊರೆಯುವವರು ಮೊದಲೇ ತಿಳಿಸಬೇಕು, ಎಷ್ಟು ಆಳಕ್ಕೆ ಎಂಥ ಪದರು ಸಿಕ್ಕಿತೆಂದು ಬರೆದು ಒಪ್ಪಿಸಬೇಕು. ಅಂಥ ಕಾಗದಗಳು ಕೂಡಿಯೇ ಲಂಡನ್ನಿನ ನೆಲದಡಿಯ ನಕಾಶೆ ಆದದ್ದು. ನಮ್ಮಲ್ಲೂ 2011ರ ರಾಜ್ಯ ಅಂತರ್ಜಲ ಕಾಯ್ದೆ ಇದೆ. ಕಾಯ್ದೆ ಇರುವುದು ಬೆಂಗಳೂರಿನಲ್ಲಿ, ಗಾಡಿ ಕೊರೆಯುವುದು ರಾತ್ರಿ ಹನ್ನೆರಡಕ್ಕೆ ಹೊಲದಲ್ಲಿ!

ಇಷ್ಟಕ್ಕೂ ಲೆಕ್ಕ ಪೂರಾ ಕಳೆದಿಲ್ಲ. ಮಣ್ಣು, ಕೊಳೆತ ಕಲ್ಲು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರೆ. ಗಟ್ಟಿ ಬಂಡೆ ತಾಗಿದಲ್ಲಿಗೆ ನಿಲ್ಲಿಸುತ್ತಾರೆ. ಅದಕ್ಕೆ ಫೂಟಿನ ಲೆಕ್ಕದಲ್ಲಿ ದುಡ್ಡು. ಅಂದರೆ ಬಂಡೆ ಎಷ್ಟು ಆಳಕ್ಕಿದೆ ಎಂಬುದು ಪ್ರತಿ ಬಿಲ್ಲಿನಲ್ಲೂ ಬರೆದಿದೆ. ಪಂಚಾಯ್ತಿಯವರು ಮನೆ ಮನೆಗೆ ಹೋಗಿ ಆ ಬಿಲ್ಲು ನೋಡಿ, ಸರ್ವೆ ನಂಬರ್, ಕೇಸಿಂಗ್ ಎಷ್ಟು ಫೂಟು, ನೀರು ಎಷ್ಟಕ್ಕೆ, ಬಿತ್ತೋ ಇಲ್ಲವೋ ಎಂದು ಒಂದು ವಹಿಯಲ್ಲಿ ಬರೆದುಕೊಂಡರೆ ಹೆಲಿಕಾಪ್ಟರ್ ಬೇಕಾಗಿಲ್ಲ. ನೀರು ಬೀಳದ ಬೋರಿನ ಬಿಲ್ಲನ್ನೇ ಮೊದಲು ಕೇಳಬೇಕು, ಸಿಟ್ಟಿಗೆ ಹರಿದು ಒಗೆಯುವುದು ಅದನ್ನೇ.