ಗೆದ್ದಲಹಳ್ಳಿ ತಾರಸಿಯಿಂದ ಹೆಬ್ಬಾಳ ಕೆರೆಯವರೆಗೆ

ಬೆಂಗಳೂರಿನ ಗೆದ್ದಲಹಳ್ಳಿ ಬಸ್ ನಿಲ್ದಾಣದಲ್ಲಿ ಇಳಿದು ಸಂಜಯನಗರದ ಕ್ರಾಸ್‌ಗಳಲ್ಲಿ ನಡೆಯುವವರಿಗೆ ಇಲ್ಲೊಂದು ಕೆರೆ ಇತ್ತೆಂದು ಹೇಳಿದರೂ ನಂಬಿಕೆ ಬಾರದು. ಗೆದ್ದಲಹಳ್ಳಿ ಕೆರೆ, ನಾಗಶೆಟ್ಟಿಹಳ್ಳಿ ಕೆರೆ ಎರಡನ್ನೂ ನಗರ ನುಂಗಿದೆ. ಮಣ್ಣು ಕಾಣಬೇಕೆಂದರೆ ತಾರಸಿ ಹತ್ತಬೇಕು.

ಹಾಗೆ ಹತ್ತಿದ ಒಂದು ತಾರಸಿಯಲ್ಲಿ ಟೊಮೆಟೊ ಕುಂಡಕ್ಕೆ ಬೆರಳಗಲದ ಕಪ್ಪು ಪಟ್ಟಿಯೊಂದನ್ನು ಚುಚ್ಚಿದ್ದರು. ಅದಕ್ಕಂಟಿದ ಪುಟ್ಟ ಡಬ್ಬಿಯಲ್ಲಿ ಬ್ಯಾಟರಿ, ರೇಡಿಯೊ. ಮನೆಯೊಡತಿ ಒಂದು ಚೊಂಬು ನೀರು ಹೊಯ್ದರು. ತುಸು ಹೊತ್ತಿನಲ್ಲಿ ಫೋನಿನಲ್ಲಿ ಅಂಕಿ ಏರಿತು. “ಮೇಲೆ ಒಣಗಿದ್ರೆ ಸಾಕು, ಸುರೀತಿದ್ದೆ. ಈಗ ಬೇರಿನ ಹತ್ರ ಎಷ್ಟಿದೆ ನೋಡ್ಕೊಂಡು ಹಾಕ್ತೀನಿ ಕಣ್ರೀ” ಎಂದರು. ವಿದ್ಯುತ್ ಕ್ಷೇತ್ರಕ್ಕೆ ಒಣಮಣ್ಣು ಸ್ಪಂದಿಸುವ ಅಳತೆ 3ರಿಂದ 5 ಇದ್ದರೆ ನೀರಿನದು ಸುಮಾರು 80. ಈ ಅಂತರವನ್ನೇ ಪಟ್ಟಿ ಅಳೆಯುತ್ತದೆ.

ಮಣ್ಣನ್ನು ಹೀಗೆ ಮಾತಾಡಿಸುವುದು ಈ ಸೀಮೆಗೆ ಹೊಸದಲ್ಲ. 1899ರಲ್ಲಿ ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿ ಕೊಟ್ಟ 30 ಎಕರೆಯಲ್ಲಿ ಮಣ್ಣು-ಬೆಳೆಯ ಅಧ್ಯಯನ ಶುರುವಾದದ್ದು ಪಕ್ಕದ ಹೆಬ್ಬಾಳದಲ್ಲೇ. ಆಗ ಮಣ್ಣು ಪ್ರಯೋಗಾಲಯಕ್ಕೆ ಬರುತ್ತಿತ್ತು. ಶತಮಾನ ಕಳೆದ ಮೇಲೆ, 2000ದ ದಶಕದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ಲೋಸಾನ್ ತಾಂತ್ರಿಕ ಸಂಸ್ಥೆಯೊಡನೆ ಪಾವಗಡ ತಾಲ್ಲೂಕಿನ ಚನ್ನಕೇಶವಪುರದ ಹೊಲಗಳಿಗೇ ನಿಸ್ತಂತು ಸೆನ್ಸರ್ ಒಯ್ದರು. ಮಳೆ ನಂಬಿದ ಒಕ್ಕಲಿಗೆ ಯಾವ ಮಾಹಿತಿ ಬೇಕೆಂದು ಆ ಭಾಗದ ಹಳ್ಳಿಗಳಲ್ಲಿ ವಿಚಾರಿಸಿದ್ದರು. ಆ ಯೋಜನೆಯಲ್ಲಿ ನನಗೆ ಯಂತ್ರಕ್ಕಿಂತ ದೊಡ್ಡದಾಗಿ ಕಾಣುವುದು ಆ ವಿಚಾರಣೆ.

ತಾರಸಿಯಿಂದ ಇಳಿದು ಹೆಬ್ಬಾಳ ಕೆರೆಯ ಏರಿ ತಲುಪಿದಾಗ ನೀರು ಹಸಿರಾಗಿತ್ತು. ಹಗಲು ಬಾಟಲಿಯಲ್ಲಿ ತುಂಬಿದ ಮಾದರಿ ಇಂಥ ನೀರಿನ ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಬೆಳಗಿನ ಜಾವಕ್ಕೆ ಮಟ್ಟ ತಳ ಕಂಡು ಮೀನು ಸಾಯುವುದುಂಟು. ಮೀನುಗಾರಿಕೆಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ನಾಲ್ಕು ಗಂಟೆ ನಸುಕಿನಲ್ಲಿ ಅದು ಎಷ್ಟಿತ್ತು ಎಂಬುದನ್ನು ನೀರಲ್ಲೇ ಇರುವ ಸೆನ್ಸರ್ ಮಾತ್ರ ಹೇಳಬಲ್ಲದು.

ಆದರೆ ಅದರ ಮೂತಿಗೂ ಪಾಚಿ ಕಟ್ಟುತ್ತದೆ. ಒರೆಸದೆ ಬಿಟ್ಟರೆ ಅಂಕಿ ಸುಳ್ಳಾಗುತ್ತದೆ. ನಮ್ಮಲ್ಲಿ ಉಪಕರಣ ಕೊಳ್ಳಲು ಹಣ ಸಿಗುತ್ತದೆ, ಒರೆಸುವ ಕೈಗೆ ಸಂಬಳ ಸಿಗುವುದಿಲ್ಲ. ಉಳಿದಿರುವ ಪ್ರತಿ ಕೆರೆಗೂ ಕಾಲುವೆ ಸೇರುವಲ್ಲೊಂದು, ಕೋಡಿಯಲ್ಲೊಂದು ಸೆನ್ಸರ್ ಬೇಕು. ವಾರಕ್ಕೊಮ್ಮೆ ಅವನ್ನು ಶುಚಿ ಮಾಡುವ ಕಾಯಂ ನೌಕರರು ಬೇಕು. ಆ ದಿನದ ಅಂಕಿ ಗೇಟಿನ ಬಳಿ ಕನ್ನಡದಲ್ಲಿ, ವಾಕಿಂಗ್ ಬರುವವರ ಕಣ್ಣಿಗೆ ಬೀಳುವಂತೆ ಇರಬೇಕು.